ಮೆತ್ತಗಿನ ನೆಲ

ಕೇತಮ್ಮನ ಗುಡಿಸಿಲಿನ ಸೂರಿನಲ್ಲಿ ಅಗೆಯುವ ಕೋಲೊಂದು ಸಿಕ್ಕಿಸಿ ಇಟ್ಟಿತ್ತು. ತುದಿಗೆ ಕಬ್ಬಿಣ. ಹಿಡಿಯುವ ಜಾಗ ನುಣ್ಣಗೆ ಸವೆದಿತ್ತು.

ಅದು ಬೊಮ್ಮಿಯ ಅಜ್ಜಿಯ ಕೋಲು. ಅಜ್ಜಿ ತೀರಿಕೊಂಡಾಗ ಬೊಮ್ಮಿ ಪಟ್ಟಣದ ಹಾಸ್ಟೆಲಿನಲ್ಲಿದ್ದಳು. ಸುದ್ದಿ ತಲುಪಿ, ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಜ್ಜಿಯದು ಅಂತ ಉಳಿದದ್ದು ಆ ಕೋಲೊಂದೇ. ಅದನ್ನೂ ಅಜ್ಜಿ ತನ್ನ ಗೆಳತಿ ಕೇತಮ್ಮನ ಕೈಗೆ ಕೊಟ್ಟು ಹೋಗಿದ್ದಳು.

ಬೇಸಿಗೆ ರಜೆ ಬಂತು. ಪೋಡಿನ, ಅಂದರೆ ಕಾಡಿನೊಳಗಿನ ಆ ಪುಟ್ಟ ಊರಿನ, ಹಿರಿಯರು ಸೋಲಿಗರ ಮಕ್ಕಳನ್ನೆಲ್ಲ ಸೇರಿಸಿ ಹಳ್ಳದ ದಡದಲ್ಲಿ ಶಿಬಿರ ಹೂಡಿದರು. ಹಾಸ್ಟೆಲಿನಿಂದ ಬಂದವರೂ ಇದ್ದರು, ಊರಲ್ಲೇ ಬೆಳೆದವರೂ ಇದ್ದರು. ಜೇನಿನ ವಿಷಯ ಹೇಳಿಕೊಡಲು ಒಬ್ಬ ತಾತ, ಹಾಡಿಗೆ ಇನ್ನೊಬ್ಬ. ಗೆಣಸು ಅಗೆಯುವುದಕ್ಕೆ ಕೇತಮ್ಮ.

ಮೊದಲ ದಿನವೇ ಬೊಮ್ಮಿ ಕೇಳಿದಳು. "ಅಜ್ಜಿ, ನಮ್ಮಜ್ಜಿ ಕೋಲು ನನಗೆ ಕೊಡ್ತೀಯ?"

"ಕೊಡಕ್ಕೇ ಮಡಗಿವ್ನಿ. ಅಗೆಯದು ಕಲ್ತವರಿಗೆ ಕೊಡು ಅಂದಿದ್ಲು ನಿಮ್ಮಜ್ಜಿ. ಮೊಮ್ಮಗಳಿಗೆ ಕೊಡು ಅನ್ನಲಿಲ್ಲ."

ಪೋಡಿನಲ್ಲೇ ಬೆಳೆದ ಜಯಂತಿ ಕಿಸಕ್ಕನೆ ನಕ್ಕಳು. "ಹಾಸ್ಟೆಲ್ ಮೇಡಂಗೆ ಚಮಚ ಸಾಕು ಕನಜ್ಜಿ, ಕೋಲ್ಯಾಕೆ?"

ಬೊಮ್ಮಿ ತಲೆ ತಗ್ಗಿಸಿದಳು.

ಕೇತಮ್ಮ ಮಕ್ಕಳನ್ನು ಕಾಡಿಗೆ ಕರೆದೊಯ್ದಳು. ನೆಲ ನೋಡಲಿಲ್ಲ. ತಲೆಯೆತ್ತಿ ಪೊದೆಗಳ ನೆತ್ತಿ ನೋಡುತ್ತ ನಡೆದಳು. ಒಂದು ಕಡೆ ನಿಂತು, ಮೇಲೆ ನೇತಾಡುತ್ತಿದ್ದ ಒಣ ಬಳ್ಳಿಯ ಎಳೆಯನ್ನು ತೋರಿಸಿದಳು.

"ಇದು ನೂರೆ ಗೆಣಸಿನ ಬಳ್ಳಿ. ಬ್ಯಾಸಗೇಲಿ ಒಣಗಿ ಬುಡ ಮುರ್ಕತದ. ತುದಿ ಮಾತ್ರ ಮೇಲೆ ಉಳೀತದ. ಅದ ಹಿಡ್ಕಂಡು ಬುಡ ಹುಡುಕಬೇಕು."

ತಾನೇ ಒಂದು ಗೆಣಸು ಅಗೆದಳು. ಅದರ ತಲೆಯ ಭಾಗವನ್ನು, ಬಳ್ಳಿಯ ಮೋಟಿನ ಸಮೇತ, ಕತ್ತರಿಸಿ, ಮತ್ತೆ ಚಿಗುರಲಿ ಅಂತ ಗುಂಡಿಗೆ ವಾಪಸು ಇಟ್ಟಳು. ಮಣ್ಣು ಮುಚ್ಚಿ ತರಗೆಲೆ ಹರಡಿದಳು. ಅಲ್ಲಿ ಯಾರೂ ಅಗೆದೇ ಇಲ್ಲವೇನೋ ಅನ್ನುವ ಹಾಗಾಯಿತು.

"ಅಜ್ಜಿ, ಗೆಣಸು ಇರೋ ಜಾಗ ಎಲ್ಲ ನಿನಗೆ ಗೊತ್ತಲ್ಲ? ಹೇಳಿಬಿಟ್ರೆ ಬೇಗ ಆಗ್ತಿತ್ತು," ಅಂದಳು ಬೊಮ್ಮಿ.

"ಬೇಗ ಆಗ್ತಿತ್ತು," ಅಂದಳು ಕೇತಮ್ಮ. ಮುಂದಿನ ಪೊದೆಯತ್ತ ನಡೆದಳು.

ಆಮೇಲೆ ಬೊಮ್ಮಿ ದಿನವೂ ಒಬ್ಬಳೇ ಹೋದಳು. ಎರವಲು ಕೋಲಿನಲ್ಲಿ ಅಗೆದಳು. ಬರೀ ಕಲ್ಲು. ಅಂಗೈಯಲ್ಲಿ ಬೊಬ್ಬೆ ಎದ್ದವು. ಶಿಬಿರ ಮುಗಿಯುತ್ತ ಬಂತು. ಜಯಂತಿಗೂ ಗೆಣಸು ಸಿಕ್ಕಿರಲಿಲ್ಲ, ಆದರೆ ಅವಳ ಬಾಯಿಗೆ ಅದರಿಂದ ಏನೂ ಆಗಿರಲಿಲ್ಲ.

"ಏನ್ ಮೇಡಂ, ಬಾವಿ ತೋಡ್ತಿದ್ದೀರ?"

ಒಂದು ಬೆಳಿಗ್ಗೆ ನೆಲ್ಲಿಮರದ ಕೊಂಬೆಯಲ್ಲಿ ಕೂದಲೆಳೆಯಂಥ ಒಣ ಬಳ್ಳಿ ಕಾಣಿಸಿತು. ಬೊಮ್ಮಿ ಅದರ ಕೆಳಗೆ ಕೂತು, ತರಗೆಲೆ ಸರಿಸಿ, ಬೆರಳಲ್ಲಿ ತಡಕಾಡಿ ಬುಡ ಹಿಡಿದಳು. ಕೋಲು ಊರಿದಳು. ಅದು ಸಲೀಸಾಗಿ ಇಳಿಯಿತು. ಬೇರೆಲ್ಲ ಕಡೆ ಠಣ್ಣೆನ್ನುತ್ತಿದ್ದ ನೆಲ ಇಲ್ಲಿ ಮೆತ್ತಗಿತ್ತು.

ನನ್ನ ಕೈ ಪಳಗಿತು ಅಂದುಕೊಂಡಳು.

ತೋಳುದ್ದದ ಗೆಣಸು ಬಂತು, ಎಲ್ಲೂ ಮುರಿಯದೆ. ಹೇಳಿಕೊಟ್ಟಿದ್ದಂತೆ ತಲೆ ಕತ್ತರಿಸಿ ಹೂತಳು, ಮಣ್ಣು ಮುಚ್ಚಿದಳು, ತರಗೆಲೆ ಹರಡಿದಳು.

ಅಷ್ಟರಲ್ಲಿ ಪೊದೆಯಾಚೆ ಜಯಂತಿಯ ದನಿ ಕೇಳಿತು.

ಬೊಮ್ಮಿ ಸರಕ್ಕನೆ ತನ್ನ ಜಡೆಯ ಕೆಂಪು ಟೇಪು ಬಿಚ್ಚಿ ನೆಲ್ಲಿಕೊಂಬೆಗೆ ಕಟ್ಟಿದಳು. ಮುಚ್ಚಿದ ಗುಂಡಿಯ ಮೇಲೆ ಮುಳ್ಳುಕೊಂಬೆ ಎಳೆದು ಹಾಕಿದಳು.

ಮಧ್ಯಾಹ್ನ ಗೆಣಸು ಕೆಂಡದಲ್ಲಿ ಬೆಂದಿತು. ಎಲ್ಲರೂ ತಿಂದರು. ಜಯಂತಿ ಬೆರಳು ನೆಕ್ಕುತ್ತ, "ಮೇಡಂ ಪರವಾಗಿಲ್ಲ," ಅಂದಳು.

ಕೇತಮ್ಮ ಕೈ ತೊಳೆದು, ಗುಡಿಸಿಲಿಗೆ ಹೋಗಿ, ಸೂರಿನಿಂದ ಕೋಲು ಇಳಿಸಿಕೊಂಡು ಬಂದಳು. ಬೊಮ್ಮಿ ಎದ್ದು ನಿಂತಳು.

"ನಡಿ, ಅಗೆದ ಜಾಗ ತೋರ್ಸು."

ಇಬ್ಬರೂ ನೆಲ್ಲಿಮರದ ಹತ್ತಿರ ಬಂದರು. ಗಾಳಿಗೆ ಟೇಪು ಅಲ್ಲಾಡುತ್ತಿತ್ತು.

"ಇದೇನು?"

"ಗುರುತು, ಅಜ್ಜಿ. ಮುಂದಿನ ವರ್ಷ ನಾನೇ ಬಂದು ಅಗೀತೀನಿ."

"ಈ ಮುಳ್ಳು?"

ಬೊಮ್ಮಿ ಕಾಲಿನ ಹೆಬ್ಬೆರಳು ನೋಡಿಕೊಂಡಳು. "ಬೇರೆ ಯಾರೂ ಅಗೀಬಾರ್ದು ಅಂತ."

ಕೇತಮ್ಮ ಬೈಯಲಿಲ್ಲ. ಕೋಲೂರಿ ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತಳು.

"ಅಗೆಯುವಾಗ ನೆಲ ಹೆಂಗಿತ್ತು?"

"ಮೆತ್ತಗಿತ್ತು."

"ಮಿಕ್ಕ ಕಡೆ?"

"ಬರೀ ಕಲ್ಲು."

"ಈ ಕಾಡಲ್ಲಿ ನೆಲ ಸುಮ್ ಸುಮ್ನೆ ಮೆತ್ತಗಿರದಿಲ್ಲ ಕನ ಕೂಸು."

ಬೊಮ್ಮಿ ತಲೆಯೆತ್ತಿದಳು.

"ನಿನಗಿಂತ ಮುಂದೆ ಯಾರೋ ಇಲ್ಲಿ ಅಗೆದವ್ರೆ. ತಲೆ ಹೂತು ಹೋಗವ್ರೆ. ನಿಮ್ಮಜ್ಜಿಯೋ, ನಾನೋ, ನಮ್ಮವ್ವನೋ. ಅವರೇನಾರ ಟೇಪು ಕಟ್ಟಿದ್ರ?"

"ಇಲ್ಲ."

"ಮುಳ್ಳು ಹಾಕಿದ್ರ?"

"ಇಲ್ಲ, ಅಜ್ಜಿ."

ಬೊಮ್ಮಿ ಬಗ್ಗಿ ಮುಳ್ಳುಕೊಂಬೆ ಎಳೆದಳು. ಕೈಗೆ ತರಚಿತು. ಎಲ್ಲವನ್ನೂ ದೂರ ಎಸೆದು ಬಂದು ನಿಂತಳು.

ಕೇತಮ್ಮ ಎದ್ದು ಕೊಂಬೆಯ ಟೇಪು ಬಿಚ್ಚಿದಳು. ಬೊಮ್ಮಿಯನ್ನು ಆ ಕಡೆ ತಿರುಗಿಸಿ, ಕೆದರಿದ್ದ ಜಡೆಯನ್ನು ಬಿಗಿಯಾಗಿ ಹೆಣೆದು, ಟೇಪು ಅದಕ್ಕೇ ಕಟ್ಟಿದಳು.

"ಕೋಲು ಇನ್ನು ನನಗೆ ಕೊಡಲ್ಲ, ಅಲ್ವಾ?" ಬೊಮ್ಮಿ ತಿರುಗದೆಯೇ ಕೇಳಿದಳು.

ಹಿಂದಿನಿಂದ ಕೋಲು ಅವಳ ಹೆಗಲ ಮೇಲಿಂದ ಮುಂದಕ್ಕೆ ಬಂತು. ಬೊಮ್ಮಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಜ್ಜಿಯ ಹಿಡಿತಕ್ಕೆ ಸವೆದ ಆ ಜಾಗಕ್ಕೆ ಅವಳ ಕೈ ಇನ್ನೂ ಕೊಂಚ ಚಿಕ್ಕದಾಗಿತ್ತು.

ಕೇತಮ್ಮ ಆಗಲೇ ಇಳಿಜಾರಿನಲ್ಲಿ ಹೊರಟಿದ್ದಳು.

"ಆ ಜಯಂತಿಗೆ ಇನ್ನೂ ಒಂದೂ ಸಿಕ್ಕಿಲ್ಲ. ನಾಳೆ ಅವಳ ಕರ್ಕಂಡು ಹೋಗು," ಅಂದಳು. "ಜಾಗ ತೋರಿಸಬ್ಯಾಡ. ಬಳ್ಳಿ ತೋರ್ಸು."