ಸಿರಿಯವ್ವ ಆರಿಸಿದ ತಾಯಿಗಿಡ

ಕಾಲಿಗೆ ಹೊದ್ದುಕೋ ಮೊದಲು. ಹಾಂ, ಹಿಂದೆ ಯಾವುದೋ ಒಂದು ಕಾಲದಲ್ಲಿ ತಿಮ್ಮರಸಯ್ಯ ಅಂತ ಒಬ್ಬ ಅತ್ತರು ಕಾಯಿಸೋನಿದ್ದನಂತೆ. ಹೆಂಡತಿ ಇಲ್ಲ, ಇಬ್ಬರು ಗಂಡುಮಕ್ಕಳು, ಕೊನೇಲಿ ಒಬ್ಬಳು ಹೆಣ್ಣು, ಸಿರಿಯವ್ವ. ಅವನ ಮಲ್ಲಿಗೆ ಅತ್ತರು ಅಂದ್ರೆ ಅರಮನೆ ರಾಣಿಗೆ ಪ್ರಾಣವಂತೆ. ಆಮೇಲೆ ತೋಟಕ್ಕೆ ವಯಸ್ಸಾಯಿತು, ಒಳ್ಳೇ ತಾಯಿಗಿಡ ಒಂದನ್ನ ಆರಿಸಿ ಅದರ ಕಡ್ಡೀನೇ ಹೊಲದ ತುಂಬ ನೆಡಬೇಕು. ಯಾರು ಸರಿಯಾಗಿ ಆರಿಸ್ತೀರೋ ಅವರಿಗೇ ನನ್ನ ಅತ್ತರಿನ ಭಟ್ಟಿ ಅಂದನಂತೆ ಅಪ್ಪ.

ದೊಡ್ಡೋನು ಮೈತುಂಬ ಹೂಬಿಟ್ಟ ಗಿಡ ಆರಿಸಿದ, ಕಾಯಿಸಿದ್ರೆ ಬರೀ ನೀರು. ನಡುವಿನೋನು ದಪ್ಪ ಹೂವಿನ ಗಿಡ ಆರಿಸಿದ, ಅದೂ ಅಷ್ಟೇ. ಸಿರಿಯವ್ವ ಕಿಸಕ್ಕನೆ ನಕ್ಕಳಂತೆ, ಕಣ್ಣಲ್ಲಿ ನೋಡಿ ಅತ್ತರು ಮಾಡ್ತಾರೇನ್ರೋ, ಮೂಗು ಬೇಕು ಮೂಗು! ಜಂಬದ ಕೋಳಿ. ಸಂಜೆ ತಲೆ ಬಾಚಿ, ಮೊಳ ಮಲ್ಲಿಗೆ ಮುಡಿದು ತೋಟಕ್ಕೆ ಹೋಗಿ ಮೊದಲು ಸಿಕ್ಕ ಗಿಡಕ್ಕೇ ಬಗ್ಗಿದಳು, ಆಹಾ ಏನು ಘಮ! ಇದೇ ಅಂತ ದಾರ ಕಟ್ಟಿಬಿಟ್ಟಳು. ಒಂದ್ಸಲ ಕಾಯಿಸಿ ನೋಡೋಣವಾ ಅಂತ ಅಪ್ಪ ಅಂದ್ರೆ, ನನ್ನ ಮೂಗಿನ ಮೇಲೆ ನಂಬಿಕೆ ಇಲ್ವಾ ಅಂತ ಮುಖ ಊದಿಸ್ಕೊಂಡಳಂತೆ. ಅಪ್ಪ ಆಗಲಿ ಅಂದ. ಹಳೇ ಗಿಡವೆಲ್ಲ ಕಿತ್ತು ಅವಳು ಆರಿಸಿದ್ದರ ಕಡ್ಡೀನೇ ನೆಟ್ಟರು.

ಆಮೇಲೆ ಹೊಸ ತೋಟ ಹೂಬಿಟ್ಟಿತು, ನೋಡೋಕೆ ಚೆಂದ, ಭಟ್ಟಿಗೆ ಹಾಕಿದ್ರೆ ಹುಲ್ಲು ಬೇಯಿಸಿದ ಹಾಗೆ. ಸಿರಿಯವ್ವ ಓಡಿಹೋಗಿ ಮೂಸಿದಳು. ಆವತ್ತು ಅವಳ ತಲೇಲಿ ಹೂವಿಲ್ಲ, ಗಿಡದಲ್ಲಿ ವಾಸನೇನೂ ಇಲ್ಲ! ಅಯ್ಯೋ, ಅವತ್ತು ನಾನು ಮೂಸಿದ್ದು ನನ್ನ ಜಡೇನೇ ಅಂತ ಗೊತ್ತಾಗಿ, ಭೂಮಿ ಬಿರಿದು ಒಳಗೆ ಹೋಗಬಾರದಾ ಅನ್ನಿಸ್ತಂತೆ. ಅಷ್ಟರಲ್ಲಿ ಅರಮನೆಯೋರು ಬಂದು, ರಾಣಿಯ ಅತ್ತರೆಲ್ಲಿ ಅಂತ ಅಪ್ಪನಿಗೆ ಬಾಯಿಗೆ ಬಂದ ಹಾಗೆ ಬೈದರು. ಅವನು ತಲೆ ತಗ್ಗಿಸಿ, ತಪ್ಪು ನಂದೇ ಸ್ವಾಮಿ ಅಂದ. ಮಗಳು ಕಂಬದ ಮರೇಲಿ ನಿಂತು ಕೇಳಿದಳು, ಮುಂದೆ ಬರಲಿಲ್ಲ. ಆ ನಾಚಿಕೆಗೆ ಅನ್ನ ಸೇರಲಿಲ್ಲ ಅವಳಿಗೆ.

ಹಿಂದೆ ಅಪ್ಪನ ಹತ್ರ ಕಡ್ಡಿ ಇಸ್ಕೊಂಡೋರ ಹಿತ್ತಲಲ್ಲಿ ಒಳ್ಳೇ ಗಿಡ ಇದ್ದೀತು ಅಂತ ಬರೀ ಜಡೆಯಲ್ಲಿ ಹೊರಟಳಂತೆ. ಮೊದಲನೇ ಮನೇಲಿ ಕುಂಕುಮ ಇಟ್ಟು ಹೂ ಕೊಟ್ಟರು. ಹೆಣ್ಣುಮಗಳು ಹೂ ಬೇಡ ಅನ್ನಬಾರದಲ್ಲ, ಮುಡಿದಳು, ಇನ್ನು ಗಿಡ ಮೂಸೋದೆಲ್ಲಿ ಬಂತು? ಎರಡನೇ ಮನೇಲಿ ತಲೆನೋವು ಅಂತ ಸುಳ್ಳು ಹೇಳಿದಳು. ನಮ್ಮ ಮನೆ ಹೂ ಬೇಡವಾದ್ರೆ ನೀನೂ ಬೇಡ ಅಂತ ಅವರು ಮುನಿಸ್ಕೊಂಡರು. ಮೂರನೇ ಮನೆ ಹೊನ್ನಾಜಮ್ಮ ಹೂ ಹಿಡ್ಕೊಂಡು ಬಂದಾಗ ಅಳು ತಡೀಲಾರದೆ ಹೇಳಿಬಿಟ್ಟಳಂತೆ, ಹೂ ಮುಡಿದು ಗಿಡ ಮೂಸಿದ ದಡ್ಡಿ ನಾನು, ಬೈಸಿಕೊಂಡಿದ್ದು ನಮ್ಮಪ್ಪ. ಮುದುಕಿ ನಗಲಿಲ್ಲ. ತನ್ನ ತುರುಬಿನ ಹೂವನ್ನೂ ತೆಗೆದಿಟ್ಟು ಹಿತ್ತಲಿಗೆ ಕರ್ಕೊಂಡು ಹೋದಳು. ಅಲ್ಲೊಂದು ಸಣಕಲು ಗಿಡ, ಹಿಡಿಯಷ್ಟು ಹೂವು. ಈ ಸಲ ಮೂಗನ್ನ ನಂಬಲಿಲ್ಲ ಸಿರಿಯವ್ವ, ಚೊಂಬಲ್ಲಿ ಕಾಯಿಸಿ ನೋಡಿದಳು. ಘಮಘಮ ಎಣ್ಣೆ ನೀರಿನ ಮೇಲೆ ತೇಲಿತು!

ಕಡ್ಡಿ ತಗೊಂಡು ಮನೆಗೆ ಬಂದು ಅಪ್ಪನ ಮುಂದೆ ಎಲ್ಲ ಒಪ್ಕೊಂಡಳು. ಅಪ್ಪ ಏನಂದ ಗೊತ್ತಾ? ನಿನ್ನ ತಲೇಲಿ ಹೂವಿದ್ದದ್ದು ಅವತ್ತೇ ನೋಡಿದ್ದೆ ಕಣವ್ವ, ಮುನಿಸ್ಕೋತೀಯಲ್ಲ ಅಂತ ಹೇಳಲಿಲ್ಲ, ತೋಟಾನೇ ಕೀಳಿಸಿದೆ ಅಂತ ಟವೆಲ್ಲಲ್ಲಿ ಮುಖ ಮುಚ್ಕೊಂಡನಂತೆ. ಮಗಳು ಟವೆಲ್ಲು ಸರಿಸಿ ಕಡ್ಡೀನ ಅವನ ಕೈಗೇ ಕೊಟ್ಟಳು. ಅಪ್ಪ ಗುಂಡಿ ತೋಡಿದ, ಅಣ್ಣಂದಿರು ನೀರು ಹೊತ್ತರು, ಅವಳು ನೆಟ್ಟಳು. ಅತ್ತರು ಬಂತು, ಭಟ್ಟಿ ಸಿರಿಯವ್ವನದಾಯಿತು, ಮತ್ತೆ ಅತ್ತರು ಬೇಕು ಅಂತ ರಾಣಿ ಹೇಳಿಕಳಿಸಿದಳು, ಎಲ್ಲರೂ ಸುಖವಾಗಿದ್ದರಂತೆ. ಇಷ್ಟೇ ಕಣೋ ಕತೆ, ಮುಗಿದೇ ಹೋಯಿತು. ಕಣ್ಣು ಮುಚ್ಚು.