ಹೋಗಿ ಬಾ ಅನ್ನೋಕೆ ಬಾರದ ತಮ್ಮಯ್ಯ

ದಿಂಬು ಸರಿ ಮಾಡ್ಕೊ, ಕಾಲು ಅಲ್ಲಾಡಿಸ್ಬೇಡ, ಹೂಂ ಅಂತಿರು. ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ಲಂಗ ಎತ್ಕೊಂಡು ಕುಂಟೆಬಿಲ್ಲೆ ಆಡ್ತಿದ್ದ ಕಾಲ ಅಂತಿಟ್ಕೊ, ಹೊಳೆ ದಡದ ಒಂದೂರಲ್ಲಿ ತಮ್ಮಯ್ಯ ಅಂತ ಒಬ್ಬ ಉಪ್ಪಿನಕಾಯಿ ವ್ಯಾಪಾರದವನು ಇದ್ನಂತೆ. ಊರವರು ಅವನನ್ನ ಗುಮಾನಿ ತಮ್ಮಯ್ಯ ಅಂತಲೇ ಕರೀತಿದ್ರಂತೆ, ಯಾಕೆ ಅಂದ್ರೆ ಅವನಿಗೆ ಎಲ್ಲರ ಮೇಲೂ ಗುಮಾನಿ. ಹಾಲು ಕೊಟ್ರೆ ಮೂಸಿ ನೋಡಿ, ಕೊಟ್ಟೋರ ಮುಖ ನೋಡಿ, ಮತ್ತೆ ಮೂಸಿ, ಆಮೇಲೆ ಕುಡಿಯೋನಂತೆ. ಸೂರಿನ ಮೇಲೆ ಕಾಗೆ ಕೂತ್ರೆ ಇದನ್ನ ಯಾರು ಕಳಿಸಿದ್ದು ಅನ್ನೋನಂತೆ. ದಿನಾ ಬೆಳಗ್ಗೆ ಎಲ್ಲಾ ಬಾಗಿಲ ಹತ್ರಾನೂ ಅಕ್ಕಿ ಹಿಟ್ಟು ಉದುರಿಸಿ ಇಡೋನಂತೆ, ಕಳ್ಳ ಬಂದ್ರೆ ಹೆಜ್ಜೆ ಬೀಳ್ಲಿ ಅಂತ. ಬೀದೀಲಿ ಹೋಗೋರು ಏನು ತಮ್ಮಯ್ಯ, ರಂಗೋಲಿ ಕಲೀತಿದ್ದೀಯಾ ಅಂತ ನಗೋರಂತೆ. ನಕ್ಕೋರ ಮೇಲೂ ಗುಮಾನಿ. ಒಂದು ಗುರುತು ಹೇಳ್ತೀನಿ, ಮರೀಬೇಡ, ಅವನ ಬಲಗಾಲಿನ ಹೆಬ್ಬೆರಳು ಹೊರಗಡೆಗೆ ತಿರುಚ್ಕೊಂಡಿತ್ತಂತೆ.

ಆ ಮನೇಲಿ ಭರಣಿ ಕೋಣೆ ಅಂತ ಒಂದಿತ್ತಂತೆ. ನಿನ್ನ ಎದೆ ಎತ್ತರದ ಭರಣಿಗಳು, ಒಂದ್ರಲ್ಲಿ ನಿಂಬೆಕಾಯಿ, ಒಂದ್ರಲ್ಲಿ ಮಾವಿನ ಮಿಡಿ, ಇನ್ನೊಂದ್ರಲ್ಲಿ ಹೇರಳೆಕಾಯಿ. ಎಲ್ಲಾ ಹಾಕೋಳು ಮನೆಕೆಲಸದ ಮಂಚಮ್ಮ, ಹದಿನೆಂಟು ವರ್ಷದಿಂದ ಅವಳೇ. ಒಂದು ಭರಣಿ ಕೆಟ್ಟಿದ್ದು ಅಂತಿಲ್ಲ. ಅಂಥ ಗುಮಾನಿ ಮನುಷ್ಯ ಕೋಣೆ ಬೀಗದ ಕೈನ ಅವಳ ಸೊಂಟಕ್ಕೆ ಹೇಗೆ ಬಿಟ್ಟ ಅಂತೀಯಾ? ಅವನೆಲ್ಲಿ ಬಿಟ್ಟ! ತಮ್ಮಯ್ಯನ ಅವ್ವ ಸಾಯೋವಾಗ ಅವನಿಂದ ಕೈ ಮೇಲೆ ಕೈ ಹಾಕಿಸ್ಕೊಂಡು ಆಣೆ ತಗೊಂಡಿದ್ಲಂತೆ, ಮಂಚಮ್ಮ ಈ ಮನೆ ಕೆಲಸದಲ್ಲಿರೋವರೆಗೆ ನೀನು ಆ ಹೊಸ್ತಿಲು ದಾಟಬಾರ್ದು ಅಂತ. ಅವ್ವನ ಮಾತು ಮೀರೋಕಾಗ್ದೆ ಅವನು ಹೊರಗೆ ನಿಂತು ಕತ್ತು ಉದ್ದ ಮಾಡಿದ್ದೇ ಬಂತು.

ಹೀಗಿರೋವಾಗ, ಮುಂಗಾರು ಶುರುವಾಗೋ ಹೊತ್ತಿಗೆ, ಮಂಚಮ್ಮ ಸೆರಗಲ್ಲಿ ಕೈ ಒರೆಸ್ಕೊಂಡು ಬಂದು, ಯಜಮಾನ್ರೆ, ನಾನು ಕೆಲಸ ಬಿಡ್ತೀನಿ ಅಂದ್ಲಂತೆ. ನನ್ನ ಮಗಳು ಕೆಂಪಿಗೆ ಒಂಬತ್ತು ತಿಂಗಳು ತುಂಬ್ತಾ ಬಂತು, ಹೊಳೆ ಆಚೆ ಕೊಟ್ಟಿದೀನಲ್ಲ, ಅತ್ತೆ ಇಲ್ಲದ ಮನೆ, ಬಾಣಂತನಕ್ಕೆ ಯಾರೂ ದಿಕ್ಕಿಲ್ಲ. ಇನ್ಮೇಲೆ ಮಗಳ ಹತ್ರಾನೇ ಇರ್ತೀನಿ. ಹೊಳೆ ತುಂಬಿದ್ರೆ ಹರಿಗೋಲು ನಿಲ್ಲುತ್ತೆ, ಅಷ್ಟ್ರೊಳಗೆ ದಾಟಬೇಕು. ನಿಮ್ಮನೆ ಉಪ್ಪು ತಿಂದವಳು ನಾನು, ಬಾಣಂತಿ ಕೋಣೆಗೆ ಹೋಗೋಳು ಯಾರ ಗೊಣಗನ್ನೂ ಬೆನ್ನ ಮೇಲೆ ಹೊತ್ಕೊಂಡು ಹೋಗ್ಬಾರ್ದು. ಬಾಯ್ತುಂಬ ಹೋಗಿ ಬಾ ಅಂದ್ಬಿಡಿ, ಬೇರೇನೂ ಬೇಡ ಅಂದ್ಲಂತೆ.

ಬೇರೇನೂ ಬೇಡ ಅಂದಿದ್ದೇ ತಪ್ಪಾಯ್ತು ನೋಡು. ತಮ್ಮಯ್ಯನ ಕಿವಿ ನೆಟ್ಟಗಾಯ್ತಂತೆ. ಏನೂ ಬೇಡ ಅಂತಾಳೆ ಅಂದ್ರೆ ಏನೋ ಆಗ್ಲೇ ತಗೊಂಡಿದಾಳೆ! ಕೆಂಪಿ ಬಸುರಿ ಅನ್ನೋದು ನೆಪ, ಆಚೆ ದಡದಲ್ಲಿ ಯಾರೋ ಉಪ್ಪಿನಕಾಯಿ ಅಂಗಡಿ ಇಟ್ಟಿದಾರೆ, ಇವಳನ್ನ ಎಳ್ಕೊತಿದಾರೆ ಅಂತ ಅವನ ಲೆಕ್ಕ. ಹೋಗಿ ಬಾ ಅನ್ನಲಿಲ್ಲ. ನಾಳೆ ನೋಡೋಣ ಅಂದ.

ಆಮೇಲೆ ಅವಳು ನೀರಿಗೆ ಹೋಗಿದ್ದೇ ತಡ, ಅವಳ ಗಂಟು ಬಿಚ್ಚಿದ್ನಂತೆ. ಎರಡು ಸೀರೆ, ಮಗೂಗೆ ಹಾಸೋಕೆ ಹಳೇ ಮೆತ್ತನೆ ಬಟ್ಟೆ, ಓಂಕಾಳು, ಒಣಶುಂಠಿ. ತಳದಲ್ಲಿ ಒಂದು ಬೇರಿನ ತುಂಡು. ಹಾಂ, ಸಿಕ್ತು! ಇದನ್ನೇ ಉಪ್ಪಿನಕಾಯಿಗೆ ಹಾಕ್ತಿದ್ಲು ಅಂತ ಕಟಕ್ ಅಂತ ಕಚ್ಚಿ ಅಗಿದ್ನಂತೆ. ಅದೇನು ಗೊತ್ತಾ? ಬಜೆ! ಮಾತು ಸ್ಪಷ್ಟವಾಗಿ ಬರ್ಲಿ ಅಂತ ನಿನ್ನ ನಾಲಿಗೆಗೂ ತೇಯ್ದು ಹಾಕಿದ್ದೆ ನಾನು. ಕಹಿ ನೆತ್ತಿಗೇರಿ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಅಷ್ಟು ಬಜೆ ತಿಂದ್ರೂ ಆ ಎರಡು ಮಾತು ಮಾತ್ರ ಅವನ ಬಾಯಿಂದ ಬರ್ಲಿಲ್ಲ, ಏನು ಹೇಳ್ತೀಯ.

ಮಾರನೇ ದಿನ ಮಂಚಮ್ಮ ಎರಡನೇ ಸಲ ಕೇಳಿದ್ಲಂತೆ. ಗಂಟಿನ ಕಟ್ಟು ಬೇರೆ ಥರ ಆಗಿರೋದು ಅವಳಿಗೆ ಕಾಣದೆ ಇರುತ್ತಾ, ಕಂಡಿತ್ತು, ನುಂಗ್ಕೊಂಡ್ಲು. ತಮ್ಮಯ್ಯ ಅಂದ್ನಂತೆ, ಮೊದಲು ನಿನ್ನ ಉಪ್ಪಿನಕಾಯಿ ಗುಟ್ಟು ಹೇಳು. ಅಯ್ಯೋ ಅದರಲ್ಲೇನು ಗುಟ್ಟು, ನಿಂಬೆಕಾಯಿ ತೊಳ್ದು ಪಸೆ ಇಲ್ಲದ ಹಾಗೆ ಒರೆಸಿ ಹೆಚ್ಚೋದು, ಉಪ್ಪಲ್ಲಿ ಹಾಕೋದು, ಬಿಸಿಲಿಗಿಡೋದು, ಖಾರ, ಸಾಸಿವೆ, ಇಂಗು ಬೆರೆಸೋದು, ಬಾಯಿಗೆ ಬಟ್ಟೆ ಕಟ್ಟೋದು. ಆಮೇಲೆ? ಆಮೇಲೇನಿಲ್ಲ, ಸುಮ್ನೆ ಬಿಡೋದು ಅಂದು, ಹದಿನೆಂಟು ವರ್ಷದ ಬೀಗದ ಕೈ ಬಿಚ್ಚಿ ಅವನ ಕೈಗಿಟ್ಲಂತೆ. ನಾನಿನ್ನು ಕೆಲಸದವಳಲ್ಲ, ನಿಮ್ಮವ್ವನ ಆಣೆ ತೀರ್ತು.

ಸುಮ್ನೆ ಬಿಡೋದಂತೆ, ಸುಮ್ನೆ! ಅಲ್ಲೇ ಏನೋ ಮುಚ್ಚಿಡ್ತಿದಾಳೆ ಅನ್ನಿಸ್ತು ತಮ್ಮಯ್ಯನಿಗೆ. ಹೋಗಿ ಬಾ ಅನ್ನದೆ ಅವಳನ್ನ ಕಾಯಿಸಿ, ಭರಣಿ ಕೋಣೆ ಹೊಸ್ತಿಲಿಗೆ ಹಿಟ್ಟು ಉದುರಿಸಿ ಒಳಗೆ ಹೋದ್ನಂತೆ. ದಿನಾ ಬೆಳಗ್ಗೆ ಮುಖ ತೊಳ್ದ ಕೈಯಲ್ಲೇ ಒಂದು ಸಲ ಬಟ್ಟೆ ಬಿಚ್ಚಿ ನೋಡಿದ, ಮಧ್ಯಾಹ್ನ ಊಟ ಮಾಡಿ ಒಂದು ಸಲ, ಸಂಜೆ ಮಳೇಲಿ ನೆಂದು ಬಂದು ಒಂದು ಸಲ. ಸೌಟು ಹಾಕಿ ತಳ ಕೆದಕಿದ, ಕಲ್ಲು ತುಂಬಿದಾಳೇನೋ ಅಂತ ಕೈ ಹಾಕಿ ತಡವಿದ. ವಾರ ತುಂಬೋದ್ರೊಳಗೆ ನೋಡ್ತಾನೆ, ಮೂರು ಭರಣಿ ಮೇಲೂ ಬೆಳ್ಳಗೆ ಬೂಷ್ಟು!

ಅಯ್ಯಯ್ಯೋ, ಮಾಟ ಮಾಡಿದ್ಲು, ಮನೆ ಹಾಳು ಮಾಡಿದ್ಲು ಅಂತ ಕೂಗಾಡಿದ್ನಂತೆ. ನನ್ನ ಭರಣಿ ಸರಿಯಾಗೋವರೆಗೆ ಹೋಗಿ ಬಾ ಅನ್ನಲ್ಲ, ಏನ್ ಮಾಡ್ಕೊತೀಯೋ ಮಾಡ್ಕೊ ಅಂದ. ಅವತ್ತೇ ಅಂಬಿಗನೂ ಹೇಳಿ ಕಳಿಸಿದ್ದ, ಹೊಳೆ ಕೆಂಪಾಗ್ತಿದೆ, ನಾಳೆ ಒಂದೇ ಸಲ ಹರಿಗೋಲು ಹೋಗೋದು, ಆಮೇಲೆ ನಿಲ್ಲಿಸ್ತೀನಿ ಅಂತ.

ಮಂಚಮ್ಮ ಅವನ ಕೈ ಹಿಡ್ಕೊಂಡು ಹೊಸ್ತಿಲ ಹತ್ರ ಕರ್ಕೊಂಡು ಬಂದು, ಯಜಮಾನ್ರೆ, ನಿಮ್ಮ ಹಿಟ್ಟಲ್ಲಿ ಕಳ್ಳ ಸಿಕ್ಕಿದಾನೆ ನೋಡಿ ಅಂದ್ಲಂತೆ. ನೋಡಿದ. ಒಳಗೆ ಹೋದ ಹೆಜ್ಜೆ, ಹೊರಗೆ ಬಂದ ಹೆಜ್ಜೆ, ಒಂದರ ಮೇಲೊಂದು, ಎಲ್ಲದ್ರಲ್ಲೂ ಬಲಗಾಲಿನ ಹೆಬ್ಬೆರಳು ಹೊರಗಡೆಗೆ ತಿರುಚಿದೆ! ಅವಳ ಹೆಜ್ಜೆ ಒಂದಾದ್ರೂ ಇರಬಾರ್ದಾ, ಒಂದೂ ಇಲ್ಲ. ಒದ್ದೆ ಕೈ ಹಾಕಿದ್ರೆ, ಗಳಿಗೆಗೊಂದ್ಸಲ ಬಾಯಿ ಬಿಚ್ಚಿದ್ರೆ ಯಾವ ಉಪ್ಪಿನಕಾಯಿ ಉಳಿಯುತ್ತೆ ಹೇಳಿ, ಸುಮ್ನೆ ಬಿಡೋದು ಅಂದಿದ್ದು ಅದಕ್ಕೇನೆ ಅಂದ್ಲಂತೆ. ಹದಿನೆಂಟು ವರ್ಷ, ಒಂದಿನಾನಾದ್ರೂ ನನ್ನ ಕಳ್ಳಿ ಅಲ್ಲ ಅಂತ ನೋಡಿದ್ರಾ ನೀವು? ಕೇಳಿ ಅತ್ತುಬಿಟ್ಲಂತೆ. ತಮ್ಮಯ್ಯನಿಗೆ ನಾಚಿಕೆ ಆಯ್ತು, ಆದ್ರೂ ಹೋಗಿ ಬಾ ಅನ್ನೋಕೆ ಬಾಯಿ ಬರ್ಲಿಲ್ಲ. ಹಾಳು ಗುಮಾನಿ, ಮಾತಿನ ಮೇಲೇ ಕಲ್ಲು ಹೇರಿದ ಹಾಗೆ ಕೂತಿತ್ತು.

ಮಾರನೇ ದಿನ ಬೆಳಗ್ಗೆ ಅವಳು ಹೋಗೋ ಮುಂಚೆ ಮಳೆಗೆ ಮುಂಚೇನೇ ಉಪ್ಪು ಹಾಕಿ ಬಿಸಿಲಲ್ಲಿಟ್ಟು ತೆಗೆದಿಟ್ಟಿದ್ದ ನಿಂಬೆಕಾಯಿಗೆ ಖಾರ ಬೆರೆಸಿ ಒಂದು ಭರಣಿಗೆ ತುಂಬಿ, ತನ್ನ ಸೆರಗಿನ ಅಂಚು ಹರಿದು ಬಾಯಿಗೆ ಕಟ್ಟಿದ್ಲಂತೆ. ನನ್ನ ನಂಬಬೇಡಿ, ಹೋಗ್ಲಿ, ಇದೊಂದು ಭರಣಿ ನಂಬಿ. ನಾನೇ ಬಂದು ಬಿಚ್ಚೋವರೆಗೆ ಮುಟ್ಟಬೇಡಿ. ಬರ್ತೀನಿ ಯಜಮಾನ್ರೆ. ಅಂದು ಮೂರನೇ ಸಲ ಅವನ ಮುಖ ನೋಡಿ ನಿಂತ್ಲಂತೆ. ಅವನು ಭರಣಿ ನೋಡ್ತಾ ನಿಂತ. ಅವಳು ಗಂಟು ತಲೆ ಮೇಲಿಟ್ಕೊಂಡು ಹೊರಟ್ಲು.

ಅವಳು ಬೀದಿ ತಿರುಗಿದ್ದೇ ತಮ್ಮಯ್ಯನಿಗೆ ಹೊಳೀತಂತೆ, ಅರೆ, ಕೆಲಸ ಬಿಟ್ಟು ಹೋಗೋಳು ಬರ್ತೀನಿ ಅಂದ್ಲಲ್ಲ, ಯಾಕೆ ಬರ್ತಾಳೆ? ಏನು ಹೊಂಚು? ಪಾಪ, ಹೊರಡೋರು ಹೋಗ್ತೀನಿ ಅನ್ನೋದುಂಟಾ ನಮ್ಮಲ್ಲಿ, ಅದೂ ಮರೆತುಹೋಗಿತ್ತು ಮುದುಕನಿಗೆ. ಆಚೆ ದಡದ ಉಪ್ಪಿನಕಾಯಿ ಅಂಗಡಿಯವರು ಅವಳನ್ನ ಇಳಿಸ್ಕೊಳ್ಳೋದನ್ನ ಕಣ್ಣಾರೆ ನೋಡ್ಬಿಡ್ತೀನಿ ಅಂತ ಓಡಿದ್ನಂತೆ. ಹೊಳೆ ಹತ್ರ ಬರೋ ಹೊತ್ತಿಗೆ ಹರಿಗೋಲು ಗಿರಗಿರ ತಿರುಗ್ತಾ ಆಚೆ ದಡ ಸೇರ್ತಿತ್ತಂತೆ. ಕಣ್ಣಿಗೆ ಕೈ ಅಡ್ಡ ಹಿಡ್ದು ನೋಡಿದ. ಅಂಗಡಿ ಇಲ್ಲ, ಭರಣಿ ಇಲ್ಲ, ಯಾರೂ ಇಲ್ಲ. ಮಳೇಲಿ ಕೆಂಪಿ ಒಬ್ಬಳೇ, ಸೊಂಟ ಹಿಡ್ಕೊಂಡು, ಹೊಟ್ಟೆ ಮುಂದೆ ಬಿಟ್ಕೊಂಡು ನಿಂತಿದಾಳೆ. ಅವ್ವನ್ನ ಕಂಡಿದ್ದೇ ಅಲ್ಲೇ ಕುಸಿದು ಕೂತ್ಲಂತೆ. ಮಂಚಮ್ಮ ಗಂಟು ಎಸೆದು ಓಡಿದ್ಲು.

ತಮ್ಮಯ್ಯನ ಅಂಗಳದಲ್ಲೇ ನಿಂಬೆಸಿಪ್ಪೆ ಚೀಪ್ಕೊಂಡು ಬೆಳೆದ ಕೂಸು ಆ ಕೆಂಪಿ. ಅವಳನ್ನ ಹಾಗೆ ಕಂಡಿದ್ದೇ ತಮ್ಮಯ್ಯ ಮಂಡಿವರೆಗೆ ನೀರಿಗಿಳಿದು, ಹೋಗಿ ಬಾ ಮಂಚೂ, ಹೋಗಿ ಬಾರವ್ವಾ ಅಂತ ಹೊಳೆ ಸದ್ದು ಮೀರೋ ಹಾಗೆ ಕೂಗಿದ್ನಂತೆ. ಆಚೆ ದಡದಲ್ಲಿ ಅವಳು ತಿರುಗಿ ಕೈ ಎತ್ತಿದ್ಲಂತೆ.

ಆ ಭರಣಿ? ಕೇಳ್ತೀಯ ಅಂತ ಗೊತ್ತಿತ್ತು. ದಿನಾ ಅದರ ಮುಂದೆ ಕೂರೋನಂತೆ, ಗಂಟಿಗೆ ಕೈ ಹಾಕೋನು, ತೆಗೆಯೋನು, ಹಾಕೋನು, ತೆಗೆಯೋನು. ಬಿಚ್ಚಲಿಲ್ಲ. ಸಂಕ್ರಾಂತಿಗೆ ಮಂಚಮ್ಮ ಮೊಮ್ಮಗಳನ್ನ ಸೊಂಟದ ಮೇಲೆ ಕೂರಿಸ್ಕೊಂಡು, ಕೆಲಸಕ್ಕಲ್ಲ, ನೆಂಟಳಾಗಿ ಬಂದ್ಲು. ಅವಳೇ ಬಿಚ್ಚಿದ್ಲು. ಘಮ್ ಅಂತ ಬೀದಿಯೆಲ್ಲ ವಾಸನೆ, ಒಂದು ಚುಕ್ಕಿ ಬೂಷ್ಟು ಇಲ್ಲ! ಇವರಿಬ್ಬರೂ ನೋಡ್ತಾ ಇರೋವಾಗ ಆ ಕೂಸು ಹೊಸ್ತಿಲ ಹಿಟ್ಟಲ್ಲಿ ಅಂಬೆಗಾಲಿಟ್ಟು ಒಳಗೆ ಬಂತಂತೆ, ಹಿಂದೆ ಪುಟ್ಟ ಪುಟ್ಟ ಅಂಗೈ ಗುರುತು. ತಮ್ಮಯ್ಯ ಬಗ್ಗಿ ನೋಡಿ, ಯಾರು ಬಂದಿದ್ದು ಇಲ್ಲಿ ಅಂತ ಗದರಿಸಿದ, ಅದು ಕಿಲಕಿಲ ನಕ್ಕಿತಂತೆ. ಅವರು ಹೊರಟಾಗ ಕೇಳೋ ಮುಂಚೇನೇ ಹೋಗಿ ಬನ್ನಿ ಅಂದ, ಬಾಯ್ತುಂಬ.

ಗುಮಾನಿ ಪೂರ್ತಿ ಬಿಡ್ತಾ? ಎಲ್ಲಿ ಬಿಡುತ್ತೆ, ಹಾಲು ಮೂಸೋದು ಸಾಯೋವರೆಗೂ ಮೂಸಿದ. ಆದ್ರೆ ಹಿಟ್ಟು ಮಾತ್ರ ಆಮೇಲೆ ವರ್ಷಕ್ಕೆ ಒಂದೇ ದಿನ, ಸಂಕ್ರಾಂತಿ ಬೆಳಗ್ಗೆ, ಉದುರಿಸ್ತಿದ್ನಂತೆ, ಆ ಮಗೂನ ಪಾದ ಎಷ್ಟು ಬೆಳೀತು ಅಂತ ನೋಡೋಕೆ.

ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಕಂಬಳಿ ಒಳಗೆ ಬೆಚ್ಚಗಿದೀವಿ, ಭರಣಿ ಬಾಯಿ ಕಟ್ಟಿತು, ಕತೆ ಮುಗೀತು. ಹೂಂ ಅನ್ನೇ. ಓಹೋ, ಮಲಗಿಬಿಟ್ಯಾ.