ನಲವತ್ತು ಜನರ ಟ್ರಾಮು

ನಲವತ್ತೇ ಜನ ಹಿಡಿಸುತ್ತಿದ್ದ ಗಿಡ್ಡ ಟ್ರಾಮಿನ ಪಕ್ಕಕ್ಕೆ, ಶೆಡ್ಡಿನಲ್ಲಿ, ಐದು ಡಬ್ಬಿಗಳ ಉದ್ದನೆಯ ಹೊಸ ಟ್ರಾಮು ಬಂದು ನಿಂತಿತು.

"ನಾನು ಮುನ್ನೂರು ಜನರನ್ನು ಹೊರುತ್ತೇನೆ. ನಿನ್ನೆ ಪರೀಕ್ಷೆಯೂ ಆಯಿತು," ಎಂದಿತು ಹೊಸದು.

"ನಿನ್ನೆ ನಿನ್ನ ಮೇಲೆ ಹೇರಿದ್ದು ಮರಳಿನ ಮೂಟೆಗಳನ್ನು. ಮೂಟೆಗಳು ಇಂಥಲ್ಲೇ ಇಳಿಸು ಎಂದು ಕೇಳುವುದಿಲ್ಲ, ನನ್ನ ನಲವತ್ತು ಜನ ಕೇಳುತ್ತಾರೆ," ಎಂದಿತು ಗಿಡ್ಡದು. "ನೇಕಾರರ ಬೀದಿಯ ತಿರುವಿನಲ್ಲಿ ನಿನ್ನ ಮೈ ಹೊರಳುತ್ತದೆಯೇ?"

ಹೊಸದು ತನ್ನ ಐದು ಡಬ್ಬಿಗಳ ಕಡೆಗೊಮ್ಮೆ ನೋಡಿಕೊಂಡಿತು. ಗಿಡ್ಡ ಟ್ರಾಮಿಗೆ ಗೆದ್ದೆನೆನಿಸಿತು. ಅಷ್ಟರಲ್ಲಿ ತಿರುವನ್ನು ಅಳೆದು ಬಂದ ಟ್ರಾಮು ಕಂಪನಿಯ ಸಾಹೇಬರು, "ಹೊಸದು ಅಲ್ಲಿ ಹೊರಳೋದಿಲ್ಲ. ಆ ಬೀದಿಯನ್ನ ಟ್ರಾಮಿನ ದಾರಿಗಳ ಪಟ್ಟಿಯಿಂದ ತೆಗೀರಿ. ಗಿಡ್ಡದನ್ನ ಗುಜರಿಗೆ ಹಾಕ್ರಿ," ಎಂದರು.

ಮರುದಿನ ಅದನ್ನು ಅದೇ ಬೀದಿಯ ಮೇಲೆ ಗುಜರಿಗೆ ಎಳೆದೊಯ್ದರು. ನೂಲಿನ ಗಂಟು ಹೊತ್ತಿದ್ದ ಮುದುಕಿ ಬಸಲಿಂಗವ್ವ ಎಂದಿನಂತೆ ಕೈ ಮಾಡಿದಳು. ಟ್ರಾಮು ನಿಲ್ಲಲಿಲ್ಲ. ಇನ್ನು ಕಾಯಬೇಡವೆಂದು ಗಂಟೆ ಬಾರಿಸಿಯಾದರೂ ಹೇಳೋಣವೆಂದರೆ, ಅದರ ಗಂಟೆಯನ್ನು ಆಗಲೇ ಬಿಚ್ಚಿಕೊಂಡಿದ್ದರು.

"ಹೋಗ್ಲಿ ಬಿಡು," ಎಂದಳು ಬಸಲಿಂಗವ್ವ. "ಮುನ್ನೂರು ಮಂದಿ ಹಿಡಿಯೋ ಹೊಸಾದು ಬಂದೈತಂತ. ಅದರಾಗ ನನಗೊಂದು ಜಾಗ ಸಿಗೂದಿಲ್ಲೇನು?"

ಗಂಟನ್ನು ನೆಲಕ್ಕಿಟ್ಟು ಕಾಯುತ್ತ ಕೂತಳು.